ಹಸಿದವರು ಬರೆದ ಅಡುಗೆ ಪುಸ್ತಕ

ಅಡುಗೆ ಪುಸ್ತಕ ಅಂದರೆ ನಮಗೆ ತುಂಬಿದ ಮನೆಯ ನೆನಪು. ಹಬ್ಬ, ನೆಂಟರಿಷ್ಟರು, ತುಪ್ಪದ ಘಮ. ಹೊಟ್ಟೆಗಿಲ್ಲದೆ ಸಾಯುತ್ತಿದ್ದವರು ಅಡುಗೆ ಪುಸ್ತಕ ಬರೆದಾರೆಯೆ? ಬರೆದಿದ್ದಾರೆ. ಓದಿದಾಗಿನಿಂದ ಈ ಸಂಗತಿ ನನ್ನ ಮನಸ್ಸು ಬಿಟ್ಟು ಹೋಗಿಲ್ಲ.

ಎರಡನೆಯ ಮಹಾಯುದ್ಧದ ಕಾಲ. ಚೆಕೊಸ್ಲೊವಾಕಿಯಾದ ಪ್ರಾಗ್ ನಗರದ ಉತ್ತರಕ್ಕೆ ಟೆರೆಜಿನ್ ಎಂಬ ಹಳೆಯ ಕೋಟೆಯ ಊರು. 1941ರ ಕೊನೆಯಿಂದ ಹಿಟ್ಲರನ ನಾಜಿಗಳು ಯೆಹೂದಿಗಳನ್ನು ತಂದು ಅಲ್ಲಿ ಕೂಡಿಹಾಕಿದರು. ಯುದ್ಧ ಮುಗಿಯುವುದರೊಳಗೆ 1,40,000ಕ್ಕೂ ಹೆಚ್ಚು ಜನ ಬಂದಿದ್ದರು. ಸುಮಾರು 33,000 ಮಂದಿ ಹಸಿವು, ಕಾಯಿಲೆಗಳಿಂದ ಅಲ್ಲೇ ಸತ್ತರು. 80,000ಕ್ಕೂ ಹೆಚ್ಚು ಮಂದಿಯನ್ನು ರೈಲಿಗೆ ತುಂಬಿ ಆಶ್‌ವಿಟ್ಸ್ ಮೊದಲಾದ ಕಡೆ ಸಾಗಿಸಿದರು.

ಅಲ್ಲಿನ ಊಟವೆಂದರೆ ನೀರುಸಾರು, ಚೂರು ಬ್ರೆಡ್ಡು, ಕೊಳೆತ ಆಲೂಗಡ್ಡೆ. ಅಷ್ಟನ್ನೇ ತಿಂದು ಹೆಂಗಸರು ಅಡುಗೆಯ ಮಾತಿಗೆ ಕೂರುತ್ತಿದ್ದರಂತೆ. ನಮ್ಮಲ್ಲಿ ಹೀಗೆ, ನಿಮ್ಮಲ್ಲಿ ಹಾಗೆ ಅಂತ ವಾದ ಬೇರೆ! ಎಪ್ಪತ್ತು ದಾಟಿದ ಮಿನಾ ಪೆಖ್ಟರ್ ಎಂಬಾಕೆ ಮತ್ತು ಜೊತೆಗಾತಿಯರು ಸಿಕ್ಕಿದ ಕಾಗದದ ಮೇಲೆ ಕೇಕು, ಸ್ಟ್ರೂಡೆಲ್, ಮೊಟ್ಟೆಯ ತಿನಿಸುಗಳ ವಿಧಾನ ಬರೆದು ಕೈಯಲ್ಲೇ ಹೊಲಿದಿಟ್ಟರು. ಒಂದರಲ್ಲಿ ಸಾಮಾನು ಬಿಟ್ಟುಹೋಗಿದೆ, ಇನ್ನೊಂದರಲ್ಲಿ ಮಾಡುವ ಕ್ರಮವೇ ಅರ್ಧಕ್ಕೆ ನಿಂತಿದೆ. ಹಸಿದ ತಲೆ ಅಲ್ಲವೆ, ಪಾಪ!

ಮಿನಾ 1944ರಲ್ಲಿ, ಯೆಹೂದಿಗಳು ಉಪವಾಸವಿರುವ ಯೋಮ್ ಕಿಪ್ಪುರ್ ದಿನವೇ ತೀರಿಕೊಂಡರು. ಅದಕ್ಕೆ ಮುಂಚೆ ಆ ಗಂಟನ್ನು ಗೆಳೆಯರೊಬ್ಬರ ಕೈಗಿತ್ತು, ಪ್ಯಾಲೆಸ್ಟೈನಿಗೆ ತಪ್ಪಿಸಿಕೊಂಡು ಹೋಗಿದ್ದ ಮಗಳಿಗೆ ಮುಟ್ಟಿಸಿ ಎಂದಿದ್ದರು. ಮಗಳ ವಿಳಾಸವೇ ಗೊತ್ತಿಲ್ಲ! ಕೈಯಿಂದ ಕೈಗೆ ಸಾಗಿ, 25 ವರ್ಷದ ಮೇಲೆ, 1969ರಲ್ಲಿ, ಅದು ನ್ಯೂಯಾರ್ಕಿನಲ್ಲಿದ್ದ ಮಗಳಿಗೆ ಸಿಕ್ಕಿತು. ಆಕೆಗೆ ಓದುವ ಧೈರ್ಯ ಬಾರದೆ ಎತ್ತಿಟ್ಟರಂತೆ. 1996ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು.

ಹಸಿವು ಮರೆಯಲು ಬರೆದರು ಎನ್ನುವವರಿದ್ದಾರೆ. ಅದೂ ಇದ್ದೀತು. ಆದರೆ ದಿನಾ ಒಲೆ ಮುಂದೆ ನಿಲ್ಲುವ ನನಗೆ ಬೇರೆಯೇ ತೋರುತ್ತದೆ. ಮಾಡಿ ಮಾಡಿ ರೂಢಿಯಾದವಳಿಗೆ ಅಳತೆ ಬರೆದಿಡುವ ಅಗತ್ಯವಿಲ್ಲ, ಕೈಗೇ ಗೊತ್ತಿರುತ್ತದೆ. ಹಿಟ್ಟು ಎಷ್ಟು, ಸಕ್ಕರೆ ಎಷ್ಟು ಅಂತ ಬರೆಯುವುದು ನಾಳೆ ಮಾಡುವವಳಿಗಾಗಿ. ಕುಲವನ್ನೇ ಅಳಿಸುತ್ತೇವೆಂದು ಹೊರಟವರ ನಡುವೆ ಕೂತು, ಮಗಳು ಒಲೆ ಹಚ್ಚಿಯೇ ಹಚ್ಚುತ್ತಾಳೆ, ಮೊಮ್ಮಕ್ಕಳು ಉಂಡೇ ಉಣ್ಣುತ್ತಾರೆ ಎಂದು ಆ ತಾಯಿ ನಂಬಿದ್ದಳು. ತನಗೆ ಒಂದು ತುತ್ತಿಲ್ಲದಾಗಲೂ ಮಗಳಿಗೆ ಬಡಿಸಿಯೇ ಹೋದಳು.