ಒಂದು ಹೆಸರು, ಎರಡು ವ್ಯಾಧಿ

ರೋಗಿಯು ‘ಜ್ವರ’ ಎಂದಷ್ಟೇ ಹೇಳಿ ಸುಮ್ಮನಾದರೆ ವೈದ್ಯನಿಗೆ ಏನೂ ತಿಳಿದಂತಾಗಲಿಲ್ಲ. ಎಂದಿನಿಂದ ಬಂದಿತು, ಯಾವ ಹೊತ್ತಿನಲ್ಲಿ ಏರುವುದು, ಚಳಿಯೊಡನೆಯೋ ಚಳಿಯಿಲ್ಲದೆಯೋ ಎಂಬುದನ್ನೆಲ್ಲ ಕೇಳಿ ತಿಳಿದ ಮೇಲಲ್ಲವೆ ಔಷಧದ ಮಾತು? ಯಂತ್ರಗಳ ವಿಷಯದಲ್ಲಿ ಮಾತ್ರ ವಿದ್ಯಾವಂತರು ಕೂಡ ಈ ವಿಚಾರವನ್ನು ಮರೆತುಬಿಡುವರು. ಕಂಪ್ಯೂಟರು ಕೆಲಸದ ನಡುವೆ ಕೈಕೊಟ್ಟಿತೆಂದರೆ ‘ಕ್ರ್ಯಾಶ್ ಆಯಿತು’ ಎಂಬುದೊಂದೇ ಮಾತು. ತೆರೆಯು ಕ್ಷಣಕಾಲ ಕಪ್ಪಾದರೂ ಅದೇ, ಇಡೀ ಯಂತ್ರವು ಸತ್ತು ಮರಳಿ ಹುಟ್ಟಿದರೂ ಅದೇ. ಚಿತ್ರದುರ್ಗದ ಸೀಮೆಯ ಒಂದು ಊರಿನಲ್ಲಿ 2023ರ ಬೇಸಗೆಯಲ್ಲಿ ಈ ಒಂದು ಮಾತಿನಿಂದ ಒಂದು ಸಂಸಾರಕ್ಕೆ ದೊಡ್ಡ ನಷ್ಟವೇ ಒದಗುವುದರಲ್ಲಿದ್ದಿತು.

ತಂದೆಯಿಲ್ಲದ ಆ ಮನೆಯ ತರುಣನು ಛಾಯಾಚಿತ್ರದ ಅಂಗಡಿಗಳಿಂದ ಮದುವೆಯ ವೀಡಿಯೋಗಳನ್ನು ತಂದು, ಕತ್ತರಿಸಿ ಜೋಡಿಸಿ, ಬಣ್ಣ ತಿದ್ದಿ ಒಪ್ಪಿಸಿ ಜೀವನ ಸಾಗಿಸುತ್ತಿದ್ದನು. ಈ ಕೆಲಸಕ್ಕೆ ಕಂಪ್ಯೂಟರಿನೊಳಗೆ ಗ್ರಾಫಿಕ್ಸ್ ಕಾರ್ಡು ಎಂಬ ಅಂಗವು ಮುಖ್ಯ. ಈ ಕಾಲದ ಸಾಮಾನ್ಯ ತೆರೆಯೊಂದರಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳಿರುವುವು. ಸೆಕೆಂಡಿಗೆ 60 ಸಾರಿ ಚಿತ್ರವು ಹೊಸದಾಗಬೇಕಾದರೆ ಹನ್ನೆರಡು ಕೋಟಿಗೂ ಮೀರಿದ ಬಿಂದುಗಳಿಗೆ ಬಣ್ಣವನ್ನು ಗಣಿಸಬೇಕು. ಒಬ್ಬ ಮಹಾಪಂಡಿತನಿಗಿಂತ ಸಾವಿರ ಮಂದಿ ಲೆಕ್ಕಿಗರು ಒಟ್ಟಿಗೆ ಕುಳಿತು ಮಾಡುವುದಕ್ಕೆ ತಕ್ಕ ಕೆಲಸವಿದು. ಕಾರ್ಡಿನ ಚಿಪ್ಪಿನಲ್ಲಿ ಇರುವುದೂ ಅಂಥ ಲೆಕ್ಕಿಗರ ಸಮೂಹವೇ. ಆ ತರುಣನು ಹಳೆಯದಾಗಿ ಕೊಂಡು ತಂದಿದ್ದ ಜಿಫೋರ್ಸ್ ಜಿಟಿಎಕ್ಸ್ 1060 ಎಂಬ, 2016ರಲ್ಲಿ ಹೊರಬಂದ, ಆರು ಗಿಗಾಬೈಟಿನ ಕಾರ್ಡಿನಲ್ಲಿ ಅವರ ಸಂಖ್ಯೆ 1280. ಅದು ಬೇಡುವ ವಿದ್ಯುಚ್ಛಕ್ತಿ 120 ವಾಟು.

ಈ ಲೆಕ್ಕಿಗರೆಲ್ಲ ಒಂದೇ ತಾಳಕ್ಕೆ ನಡೆಯುವರು. ತಾಳದ ಗತಿಯನ್ನು ತಯಾರಕರು ಗೊತ್ತುಮಾಡಿರುವರು. ಈ ಕಾರ್ಡಿಗೆ ಸಾಧಾರಣ ಗತಿ 1506 ಮೆಗಾಹರ್ಟ್ಸು, ಏರುಗತಿ 1708. ಶೈತ್ಯವೂ ಶಕ್ತಿಯೂ ಸಾಕಷ್ಟಿದ್ದರೆ ಚಿಪ್ಪು ಇದನ್ನೂ ದಾಟಿ ತಾನಾಗಿಯೇ ಇನ್ನಷ್ಟು ಏರುವುದುಂಟು. ಇದರ ಮೇಲೆ ಮನುಷ್ಯನು ಕೈಯಿಟ್ಟು ತಾಳವನ್ನು ಮತ್ತೂ ಬಿರುಸುಮಾಡುವುದಕ್ಕೆ ಓವರ್‌ಕ್ಲಾಕಿಂಗ್ ಎನ್ನುವರು. ಹಣ ಕೊಡದೆ ವೇಗ ದೊರೆಯುವುದೆಂದರೆ ಯಾರಿಗೆ ಬೇಡ? ಒಬ್ಬ ಗೆಳೆಯನು ಹೇಳಿಕೊಟ್ಟನು. ತರುಣನು ಚಿಪ್ಪಿನ ಗತಿಗೆ 150ನ್ನೂ ಸ್ಮೃತಿಯ ಗತಿಗೆ 600ನ್ನೂ ಕೂಡಿಸಿದನು. ಅರ್ಧ ಗಂಟೆ ಪರೀಕ್ಷೆ ಮಾಡಿದನು. ಯಂತ್ರವು ನಿಲ್ಲಲಿಲ್ಲ. ಅಲ್ಲಿಗೆ ಆ ಸಂಗತಿಯನ್ನೇ ಮರೆತನು.

ತಾಳವು ಬಿರುಸಾದರೆ ಕೆಡುವುದೇಕೆಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಎರಡು ತಾಳಗಳ ನಡುವಣ ಕಾಲ, ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅಂಥ ಒಂದು ಪಾಲಿನ ಅರ್ಧಕ್ಕಿಂತ ತುಸು ಹೆಚ್ಚು. ಅಷ್ಟರೊಳಗೆ ಸಂಕೇತವು ಚಿಪ್ಪಿನ ಒಂದು ಮೂಲೆಯಿಂದ ಹೊರಟು ಹಲವು ಬಾಗಿಲುಗಳನ್ನು ದಾಟಿ ತನ್ನ ಮನೆಯನ್ನು ಸೇರಿರಬೇಕು. ಸೇರುವ ಮೊದಲೇ ಮುಂದಿನ ತಾಳ ಬಿದ್ದರೆ ಲೆಕ್ಕವು ತಪ್ಪುವುದು. ಎಲ್ಲ ದಾರಿಗಳೂ ಒಂದೇ ಉದ್ದವಲ್ಲ. ಅತ್ಯಂತ ದೀರ್ಘವಾದ ದಾರಿಯನ್ನು ಹಿಡಿಯುವ ಲೆಕ್ಕವು ಎಂದೋ ಒಮ್ಮೆ ಬರುವುದು. ಆದುದರಿಂದ ದೋಷವೂ ಎಂದೋ ಒಮ್ಮೆ ತೋರುವುದು. ಅರ್ಧ ಗಂಟೆಯ ಪರೀಕ್ಷೆಯಲ್ಲಿ ಗೆದ್ದ ಚಿಪ್ಪು ಮೂರನೆಯ ಗಂಟೆಯಲ್ಲಿ ಸೋಲುವುದು ಹೀಗೆ. ವೋಲ್ಟೇಜನ್ನು ಏರಿಸಿದರೆ ಸಂಕೇತವು ಚುರುಕಾಗುವುದು ನಿಜ. ಆದರೆ ವ್ಯಯವಾಗುವ ಶಕ್ತಿಯು ಗತಿಯಷ್ಟೇ ಅಲ್ಲದೆ ವೋಲ್ಟೇಜಿನ ವರ್ಗದಷ್ಟು ಬೆಳೆಯುವುದರಿಂದ, ಎರಡನ್ನೂ ನೂರಕ್ಕೆ ಹತ್ತರಂತೆ ಏರಿಸಿದವನಿಗೆ ಉಷ್ಣವು ಮೂರರಲ್ಲೊಂದು ಪಾಲು ಹೆಚ್ಚಾಗಿ ಗಂಟುಬೀಳುವುದು.

ಏಪ್ರಿಲಿನಲ್ಲಿ ಉಪದ್ರವವು ಆರಂಭವಾಯಿತು. ಮೂರು ಗಂಟೆಯ ಕೆಲಸವು ಎರಡೂವರೆ ಗಂಟೆಯಲ್ಲಿ ಕೆಟ್ಟು ಮೊದಲಿನಿಂದ ತೊಡಗಬೇಕಾಗುವುದು. ಮರುದಿನ ಏನೂ ಇಲ್ಲ. ಮೂರನೆಯ ದಿನ ಎರಡು ಸಾರಿ. ತರುಣನು ಮೂಢನೇನೂ ಅಲ್ಲ. ಮೊದಲಿಗೇ ಓವರ್‌ಕ್ಲಾಕಿಂಗನ್ನು ಸಂಶಯಿಸಿ ಗತಿಯನ್ನು ಮೊದಲಿನಂತೆ ಇಳಿಸಿದನು. ಆ ದಿನವೇ ಮಧ್ಯಾಹ್ನ ಯಂತ್ರವು ಮತ್ತೆ ನಿಂತಿತು. ‘ಕಾರಣವನ್ನು ತೆಗೆದರೂ ಕಾರ್ಯವು ನಿಲ್ಲಲಿಲ್ಲ, ಆದುದರಿಂದ ಅದು ಕಾರಣವಲ್ಲ’ ಎಂದು ನಿರ್ಣಯಿಸಿ ಹಳೆಯ ಅಂಕೆಗಳನ್ನೇ ಮರಳಿ ಇಟ್ಟನು. ತರ್ಕಶಾಸ್ತ್ರದವರು ವ್ಯತಿರೇಕವೆಂದು ಕರೆಯುವ ಪರೀಕ್ಷೆ ಇದೇ. ಮೇಲ್ನೋಟಕ್ಕೆ ಇದರಲ್ಲಿ ಲೋಪವೇ ಕಾಣದು. ಆದರೆ ತೆಗೆದ ಕಾರಣದ ಕಾರ್ಯವೂ ಮಧ್ಯಾಹ್ನ ಕಂಡ ಕಾರ್ಯವೂ ಒಂದೇ ಜಾತಿಯವೆ ಎಂಬ ಪ್ರಶ್ನೆಯನ್ನು ಆತನು ಹಾಕಿಕೊಳ್ಳಲಿಲ್ಲ. ಎರಡಕ್ಕೂ ಹೆಸರು ‘ಕ್ರ್ಯಾಶ್’ ಎಂದಿದ್ದುದೇ ಸಾಕಾಯಿತು.

ಆ ಬಳಿಕ ಆತನ ಪಾಡು ಹೇಳತೀರದು. ಡ್ರೈವರನ್ನು ಮೂರು ಸಾರಿ ಬದಲಿಸಿದನು. ಒಂದು ಇಡೀ ರಾತ್ರಿ ಕುಳಿತು ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿ, ಆ ಮೇಲೆ ತನ್ನ 150, 600 ಅಂಕೆಗಳನ್ನು ಮರೆಯದೆ ಕೂಡಿಸಿದನು. ಕಾರ್ಡನ್ನು ಬಿಚ್ಚಿ ಧೂಳು ಕೊಡಹಿ, ಶಾಖವನ್ನು ಸಾಗಿಸುವ ಪೇಸ್ಟನ್ನು ಹೊಸದಾಗಿ ಸವರಿದನು. ತಾಪವು ಕೆಲವು ಡಿಗ್ರಿ ಇಳಿಯಿತು, ಉಪದ್ರವವು ಇಳಿಯಲಿಲ್ಲ. ರಿಪೇರಿಯ ಅಂಗಡಿಯವನು ಐದು ನಿಮಿಷ ನೋಡಿ, ಕಾರ್ಡು ಹೋಗಿದೆ, ಬೇರೆಯದನ್ನು ಕೊಳ್ಳಿರಿ ಎಂದನು. ಬೇರೆಯದಕ್ಕೆ ಮನೆಯಲ್ಲಿದ್ದ ಹಣವೆಂದರೆ ತಂಗಿಯ ಹಾಸ್ಟೆಲಿನ ಶುಲ್ಕಕ್ಕಾಗಿ ತಾಯಿಯು ತೆಗೆದಿರಿಸಿದ್ದುದು ಮಾತ್ರ. ಮೂರು ಮದುವೆಯ ಕೆಲಸಗಳು ಒಪ್ಪಿಸದೆ ಉಳಿದಿದ್ದುವು.

ತಾಯಿಯು ತನ್ನ ಅಣ್ಣನನ್ನು ಕರೆಯಿಸಿದಳು. ಆತನು ಕೊಳವೆಬಾವಿಯ ಪಂಪುಗಳ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿಯನ್ನು ಮೂವತ್ತು ವರ್ಷ ನಡೆಸಿದವನು. ಗ್ರಾಫಿಕ್ಸ್ ಕಾರ್ಡನ್ನು ಅಂದಿನವರೆಗೆ ಕಣ್ಣಿನಿಂದ ಕಂಡವನಲ್ಲ.

“ಏನಾಗ್ತದಪ್ಪ?” ಎಂದನು.

“ಕ್ರ್ಯಾಶ್ ಆಗ್ತದೆ ಮಾವ.”

“ರೈತರೂ ಹಾಗೇ ಬರ್ತಾರೆ. ಮೋಟಾರು ನಿಂತಿತು ಅಂತಾರೆ. ಸುಟ್ಟು ನಿಂತಿತೋ, ಓಲ್ಟೇಜು ಸಾಲದೆ ಸ್ಟಾರ್ಟರು ಬಿಟ್ಟಿತೋ? ಎರಡಕ್ಕೂ ನಿಂತಿತು ಅಂತಲೇ ಮಾತು. ಹೇಗೆ ನಿಲ್ತದೆ, ಅದನ್ನ ಹೇಳು.”

ತರುಣನು ಉತ್ತರ ಕೊಡಹೋಗಿ ತಡವರಿಸಿದನು. ಒಮ್ಮೊಮ್ಮೆ ತೆರೆ ಕಪ್ಪಾಗಿ ಮರಳಿ ಬರುವುದು, ಕೆಲಸದ ಪ್ರೋಗ್ರಾಮು ಮುಚ್ಚಿಹೋಗಿರುವುದು. ಒಮ್ಮೊಮ್ಮೆ ಎಲ್ಲವೂ ಆರಿ ತಾನಾಗಿ ಹೊತ್ತಿಕೊಳ್ಳುವುದು. ಯಾವುದು ಎಷ್ಟು ಸಾರಿ ಎಂಬುದು ಆತನಿಗೆ ನೆನಪಿರಲಿಲ್ಲ. ಮಾವನು ಅಂಗಡಿಯ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ತರಿಸಿ ಗೆರೆಯೆಳೆದು, ಹೊತ್ತು, ನಡೆಯುತ್ತಿದ್ದ ಕೆಲಸ, ನಿಂತ ಬಗೆ ಎಂಬ ಮೂರು ಮನೆಗಳನ್ನು ಮಾಡಿಕೊಟ್ಟನು. ಐದು ದಿನ ಏನನ್ನೂ ಮುಟ್ಟಕೂಡದೆಂದು ಕಟ್ಟಪ್ಪಣೆ. ಕೆಲಸವು ಬಾಕಿಯಿರುವ ಹುಡುಗನಿಗೆ ಇದಕ್ಕಿಂತ ಕಠಿನವಾದ ಪಥ್ಯವಿಲ್ಲ, ಆದರೂ ನಡೆಸಿದನು.

ಐದು ದಿನಗಳಲ್ಲಿ ಹನ್ನೊಂದು ಸಾರಿ ನಿಂತುದರಲ್ಲಿ ಏಳು ಕಪ್ಪು ತೆರೆ, ನಾಲ್ಕು ಪುನರ್ಜನ್ಮ. ಏಳರಲ್ಲಿ ಹೆಚ್ಚಿನವು ಬೆಳಗಿನ ತಂಪಿನಲ್ಲಿ. ನಾಲ್ಕೂ ಮಧ್ಯಾಹ್ನದ ಸೆಖೆಯಲ್ಲಿ. ಕಂಪ್ಯೂಟರಿನದೇ ದಿನಚರಿಯೊಂದಿದೆ, ಈವೆಂಟ್ ವ್ಯೂವರ್ ಎಂದು ಹೆಸರು. ತರುಣನು ಅದನ್ನು ತೆರೆದು ಪುಸ್ತಕದೊಡನೆ ಹೋಲಿಸಿದನು. ಕಪ್ಪು ತೆರೆಯ ಹೊತ್ತುಗಳಲ್ಲೆಲ್ಲ 4101 ಎಂಬ ಸಂಖ್ಯೆಯ ನಮೂದು: ಚಿತ್ರದ ಡ್ರೈವರು ಉತ್ತರ ಕೊಡುವುದನ್ನು ನಿಲ್ಲಿಸಿ ಮತ್ತೆ ಚೇತರಿಸಿಕೊಂಡಿತೆಂಬ ವರದಿ. ಕಾರ್ಡು ಎರಡು ಸೆಕೆಂಡಿನೊಳಗೆ ಉತ್ತರಿಸದಿದ್ದರೆ ಅದನ್ನು ಹೊಸದಾಗಿ ಎಬ್ಬಿಸುವ ಏರ್ಪಾಡು ವಿಂಡೋಸಿನಲ್ಲಿ ವಿಸ್ಟಾ ಕಾಲದಿಂದ ಇರುವುದು. ಮಧ್ಯಾಹ್ನದ ನಾಲ್ಕರಲ್ಲಿ ಆ ನಮೂದು ಇಲ್ಲವೇ ಇಲ್ಲ. ಇದ್ದುದು ಕರ್ನಲ್-ಪವರ್ 41, ಅಂದರೆ ಹೇಳದೆ ಕೇಳದೆ ಶಕ್ತಿಯು ಕಡಿದುಹೋಯಿತೆಂಬಷ್ಟೆ ಸುದ್ದಿ. ಸತ್ತವನು ತನ್ನ ಮರಣದ ಕಾರಣವನ್ನು ಬರೆದಿಡಲಾರನಷ್ಟೆ.

ಬೆಳಗಿನ ತಂಪಿನಲ್ಲಿ ಕೆಡುವುದು ಮಾವನಿಗೆ ಸೋಜಿಗವೆನಿಸಿತು. ಆತನ ಮೋಟಾರುಗಳಾವುವೂ ತಂಪಿಗೆ ಹೆದರುವುದಿಲ್ಲ. ಇದನ್ನು ಬಿಡಿಸಿದವನು ತರುಣನೇ: ಚಿಪ್ಪು ತಂಪಾಗಿದ್ದಷ್ಟೂ ತಾನಾಗಿ ಹೆಚ್ಚು ಗತಿಗೆ ಏರುವುದು, ಅದರ ಮೇಲೆ ಕೈಯಿಂದ ಕೂಡಿಸಿದ 150 ಸೇರಿ ಮಿತಿಯನ್ನು ದಾಟುವುದು ಆಗಲೇ. ಹೀಗೆ ತಾನಾಗಿ ಏರುವ ಗತಿಯೇ ತೊಡಕಾಗುವುದೂ ಉಂಟು. 2020ರ ಸೆಪ್ಟೆಂಬರಿನಲ್ಲಿ ಜಿಫೋರ್ಸ್ ಆರ್‌ಟಿಎಕ್ಸ್ 3080 ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ, ಕೊಂಡವರು ಏನನ್ನೂ ಏರಿಸದಿದ್ದರೂ, ಗತಿಯು 2000 ಮೆಗಾಹರ್ಟ್ಸಿನ ಆಸುಪಾಸಿಗೆ ಹೋದಾಗ ಹಲವರ ಆಟಗಳು ನಿಂತುಹೋದುವು. ಹಲಗೆಯ ಮೇಲಣ ಕೆಪಾಸಿಟರುಗಳದೇ ದೋಷವೆಂದು ಒಂದು ಪಕ್ಷ, ಅಲ್ಲವೆಂದು ಇನ್ನೊಂದು ಪಕ್ಷ. ಅದೇ ತಿಂಗಳ ಕೊನೆಯಲ್ಲಿ ಹೊಸ ಡ್ರೈವರು ಬಂದು ಬಹುಮಂದಿಯ ತೊಂದರೆ ಶಮನವಾಯಿತು.

ಮಧ್ಯಾಹ್ನದ ನಾಲ್ಕು ಮಾವನ ಪಾಲಿಗೆ ಬಂದುವು. ಅಲ್ಲಿ ಆತನು ತನ್ನ ಊರಿಗೇ ಬಂದವನಂತಾದನು. ಪೆಟ್ಟಿಗೆಯ ಪಕ್ಕದ ತಗಡನ್ನು ತೆಗೆಸಿ ಮೊದಲು ಮೂಸಿ ನೋಡಿದನು. ಕಾರ್ಡಿಗೆ ಶಕ್ತಿಯನ್ನು ತರುವ ಆರು ಸೂಜಿಯ ತಂತಿಯು ಪವರ್ ಸಪ್ಲೈಯಿಂದ ನೇರವಾಗಿ ಬಂದಿರಲಿಲ್ಲ. ಆ ಹಳೆಯ ಸಪ್ಲೈಯಲ್ಲಿ ಅಂಥ ತಂತಿಯೇ ಇರಲಿಲ್ಲವಾದುದರಿಂದ, ಡಿಸ್ಕಿಗೆಂದು ಇದ್ದ ನಾಲ್ಕು ಸೂಜಿಯ ಪ್ಲಗ್ಗಿಗೆ ಒಂದು ಅಡಾಪ್ಟರನ್ನು ಸಿಕ್ಕಿಸಿದ್ದರು. ಅದರ ಬಿಳಿಯ ಪ್ಲಾಸ್ಟಿಕ್ಕು ಕಂದುಗಟ್ಟಿದ್ದಿತು. ಮಾವನು ಬರಿದಾಗಿದ್ದ ಇನ್ನೊಂದು ಪ್ಲಗ್ಗಿನ ಹಳದಿ ತಂತಿಗೂ ಕಪ್ಪು ತಂತಿಗೂ ಮೀಟರನ್ನು ಹಿಡಿದನು. ಅಲ್ಲಿರಬೇಕಾದುದು 12 ವೋಲ್ಟು. ನೂರಕ್ಕೆ ಐದರಷ್ಟು ಹೆಚ್ಚುಕಡಿಮೆಯನ್ನು ನಿಯಮವು ಒಪ್ಪುವುದರಿಂದ 11.4ಕ್ಕೆ ಇಳಿಯಬಾರದು. ಯಂತ್ರವು ಸುಮ್ಮನಿದ್ದಾಗ 11.9. ಕೆಲಸವನ್ನು ಹಚ್ಚಿದೊಡನೆ 11.5, ತುಸು ಹೊತ್ತಿಗೆ 11.2. “ನಮ್ಮ ಬಾವಿ ಮೋಟಾರಿನ ಕಥೆಯೇ ಇದು” ಎಂದು ಮಾವನು ಸಂತೋಷಪಟ್ಟನು. ಸಂತೋಷಪಡತಕ್ಕ ಸಂದರ್ಭವಲ್ಲವಾದರೂ ಆತನ ಸಂತೋಷವು ಸಹಜವೇ ಸರಿ.

ಒಂದೇ ಸಾರಿಗೆ ಎರಡನ್ನೂ ಸರಿಪಡಿಸಲು ತರುಣನು ಆತುರಪಟ್ಟನು. ಮಾವನು ಬಿಡಲಿಲ್ಲ. ಗೆಳೆಯನ ಮನೆಯಿಂದ ಪವರ್ ಸಪ್ಲೈಯನ್ನು ಎರವು ತಂದು, 150, 600ನ್ನು ಹಾಗೆಯೇ ಇರಿಸಿ ಎರಡು ದಿನ ನಡೆಸಿದರು. ಮಧ್ಯಾಹ್ನದ ಪುನರ್ಜನ್ಮಗಳು ನಿಂತುವು; ಬೆಳಗಿನ ಕಪ್ಪು ತೆರೆಗಳು ನಿಲ್ಲಲಿಲ್ಲ. ಆ ಮೇಲೆ ಗತಿಯನ್ನು ನಿಯಮಿತಕ್ಕೆ ಇಳಿಸಿದರು. ಮೂರು ದಿನ ಪುಸ್ತಕದಲ್ಲಿ ಬರೆಯುವುದಕ್ಕೆ ಏನೂ ಇರಲಿಲ್ಲ. ಕಾರ್ಡಿನಲ್ಲಿ ಯಾವ ದೋಷವೂ ಇದ್ದಿರಲಿಲ್ಲ.

ಹೊಸ ಪವರ್ ಸಪ್ಲೈಗೆ ಆದ ವೆಚ್ಚವು ಒಂದು ಮದುವೆಯ ಕೂಲಿಯಲ್ಲೇ ತೀರಿತು. ಹಾಸ್ಟೆಲಿನ ಹಣವನ್ನು ಮುಟ್ಟಬೇಕಾಗಲಿಲ್ಲ. ತರುಣನಿಗೆ ಮಾತ್ರ ವೇಗದ ಆಸೆಯು ಬಿಟ್ಟಿರಲಿಲ್ಲ. ಒಂದೊಂದಾಗಿ ಏರಿಸಿ ನೋಡುವುದಕ್ಕೆ ಮಾವನೂ ಅಡ್ಡಿಮಾಡಲಿಲ್ಲ. ಸ್ಮೃತಿಯ ಗತಿಗೆ 300 ಕೂಡಿಸಿದಾಗ ಕೆಲಸವು ತುಸು ಬೇಗ ಮುಗಿಯಿತು. 600 ಕೂಡಿಸಿದಾಗ ಯಂತ್ರವು ನಿಲ್ಲದಿದ್ದರೂ ಮೊದಲಿಗಿಂತ ತಡವಾಯಿತು! ಈ ಜಾತಿಯ ಸ್ಮೃತಿಯು ಸಾಗಣೆಯಲ್ಲಿ ತಪ್ಪಿದುದನ್ನು ಕಂಡುಹಿಡಿದು ಮತ್ತೆ ಕಳುಹಿಸುವುದು. ಮರಳಿ ಮರಳಿ ಕಳುಹಿಸುವುದರಲ್ಲೇ ಗಳಿಸಿದ ವೇಗವು ಕರಗಿಹೋಗುವುದು. ಇಷ್ಟು ದಿನ ಆತನು ಲಾಭವೆಂದು ಎಣಿಸಿದ್ದುದು ನಷ್ಟವಾಗಿದ್ದಿತು. ಚಿಪ್ಪಿನ ಗತಿಗೆ 100 ಕೂಡಿಸಿದಾಗ ಅರ್ಧ ಗಂಟೆ ನಡೆದು, ಮೂರನೆಯ ಗಂಟೆಯಲ್ಲಿ ಕಪ್ಪು ತೆರೆ ಬಂದಿತು.

ಆಗ ಮಾವನು ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಹಾಕಿದನು. ನೂರು ಕೂಡಿಸಿದುದರಿಂದ ನೂರಕ್ಕೆ ಐದರಷ್ಟು ಲಾಭವೆನ್ನೋಣ. ಮೂರು ಗಂಟೆಯ ಕೆಲಸದಲ್ಲಿ ಉಳಿಯುವುದು ಒಂಬತ್ತು ನಿಮಿಷ. ಕೊನೆಯಲ್ಲಿ ಒಮ್ಮೆ ಕೆಟ್ಟರೆ ಹೋಗುವುದು ನೂರಎಂಬತ್ತು ನಿಮಿಷ. ಆ ಒಂದು ಸಾರಿಯ ನಷ್ಟ ತುಂಬಬೇಕಾದರೆ ಇಪ್ಪತ್ತು ಸಾರಿ ಕೆಡದೆ ನಡೆಯಬೇಕು. ತರುಣನು ಲೆಕ್ಕವನ್ನು ಎರಡು ಸಾರಿ ತಿರುಗಿಸಿ ನೋಡಿ, ಗತಿಯನ್ನು ಸೊನ್ನೆಗೆ ಇಳಿಸಿ, ಕಂಪ್ಯೂಟರು ಹೊತ್ತಿದೊಡನೆ ಹಳೆಯ ಅಂಕೆಗಳನ್ನು ತಾನಾಗಿ ಕೂಡಿಸುವಂತೆ ಇಟ್ಟಿದ್ದ ಗುರುತನ್ನೂ ಅಳಿಸಿದನು. ಸಂಜೆಯೊಳಗೆ ಮೂರನೆಯ ಮದುವೆಯ ವೀಡಿಯೋ ಮುಗಿಯಿತು. ಕಂದಿದ ಅಡಾಪ್ಟರನ್ನು ಮಾವನು ಜೇಬಿಗೆ ಹಾಕಿಕೊಂಡು ಹೋದನು; ಅಂಗಡಿಯ ಹುಡುಗರಿಗೆ ತೋರಿಸಬೇಕಂತೆ.