ಮುಕ್ತಗಂಗೋತ್ರಿಗೆ ಹೋದ ದಿನ

ಪಾಂಡವಪುರ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ಗಾಡಿ ನಿಲ್ಲುವುದು ಒಂದೋ ಎರಡೋ ನಿಮಿಷ. ಅಷ್ಟರಲ್ಲಿ ಅವ್ವ ನನ್ನ ಬೋಗಿ ಹುಡುಕಬೇಕು, ಕಿಟಕಿ ಹುಡುಕಬೇಕು, ಕೈಯಲ್ಲಿರುವ ಕವರನ್ನು ಕಂಬಿ ಸಂದಿಯಲ್ಲಿ ತೂರಿಸಬೇಕು. ಹಿಂದಿನ ರಾತ್ರಿಯೇ ತಮ್ಮನಿಗೆ ಫೋನ್ ಮಾಡಿ "ಇಂಜಿನ್ನಿಂದ ಮೂರನೇ ಬೋಗಿ ಕಣೋ, ಮರೀಬೇಡ" ಅಂದಿದ್ದೆ. ಅವನು ಬೈಕಿನಲ್ಲಿ ಅವ್ವನನ್ನು ಕೂರಿಸಿಕೊಂಡು ಬಂದು, ಸರಿಯಾಗಿ ಮೂರನೇ ಬೋಗಿ ಎದುರಿಗೇ ನಿಲ್ಲಿಸಿದ್ದ.

ಕವರಿನಲ್ಲಿ ನನ್ನ ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ. ಜೊತೆಗೆ ಒಂದು ಡಬ್ಬಿ ನಿಪ್ಪಟ್ಟು. ಅದಿಲ್ಲದೆ ಅವ್ವ ಎಲ್ಲಿಗೂ ಬರುವವಳಲ್ಲ.

"ಕಾಲೇಜಿಗೆ ಸೇರೋಳು ಮಗಿ ಅಲ್ವಾ? ನಿನ್ನ ಮಾರ್ಕ್ಸ್ ಕಾರ್ಡ್ ಯಾಕವ್ವ ಈಗ?"

"ಆಮೇಲೆ ಹೇಳ್ತೀನಿ ಬಿಡವ್ವ."

ಗಾಡಿ ಹೊರಟಿತು. ನಿಜ ಹೇಳಬೇಕೆಂದರೆ, ಗಾಡಿ ಹೊರಟಿದ್ದು ಒಳ್ಳೆಯದೇ ಆಯಿತು. ಮೈಸೂರಿಗೆ ನಾನು ಯಾಕೆ ಹೊರಟಿದ್ದೇನೆ ಅಂತ ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ. ಮಗಳಿಗೆ "ಆಫೀಸಿನವರ ಮನೆ ಮದುವೆ" ಅಂತ ಹೇಳಿ, ಕೆಂಗೇರಿಯಲ್ಲಿ ರೈಲು ಹತ್ತುವಾಗ ರೇಷ್ಮೆ ಸೀರೆಯನ್ನೂ ಉಟ್ಟಿದ್ದೆ. ಒಂದು ಸುಳ್ಳಿಗೆ ಎಷ್ಟು ಇಸ್ತ್ರಿ ಮಾಡಬೇಕು ನೋಡಿ.

ಆದರೆ ಇದು ಚಿಕ್ಕ ಸುಳ್ಳು. ದೊಡ್ಡದು ಹನ್ನೆರಡು ವರ್ಷ ಹಳೆಯದು.

ಮಗಳನ್ನು ಎಲ್‌ಕೆಜಿಗೆ ಸೇರಿಸುವಾಗ ಆ ಶಾಲೆಯ ಅರ್ಜಿಯಲ್ಲಿ ತಾಯಿಯ ವಿದ್ಯಾರ್ಹತೆ ಅಂತ ಒಂದು ಕಾಲಂ ಇತ್ತು. ಅಪ್ಪ ಅಮ್ಮನಿಗೂ ಇಂಟರ್‌ವ್ಯೂ ಇರುತ್ತದೆ, ಓದಿಲ್ಲದವರ ಮಕ್ಕಳಿಗೆ ಸೀಟು ಕೊಡಲ್ಲ ಅಂತ ಪಕ್ಕದ ಮನೆಯವರು ಹೆದರಿಸಿದ್ದರು. ನಾನು ಬಿ.ಎ. ಅಂತ ಬರೆದೆ. ಗಂಡ ನೋಡಿದರು, ಏನೂ ಅನ್ನಲಿಲ್ಲ. ಇಂಟರ್‌ವ್ಯೂನಲ್ಲಿ "ಯಾವ ಸಬ್ಜೆಕ್ಟ್ ಮೇಡಂ?" ಅಂದರು. ಬಾಯಿಗೆ ಬಂದಿದ್ದು "ಹಿಸ್ಟರಿ".

ಅಲ್ಲಿಗೆ ಮುಗಿಯಲಿಲ್ಲ. ಮಗಳು ಐದನೇ ಕ್ಲಾಸಿಗೆ ಬರುವ ಹೊತ್ತಿಗೆ "ನಮ್ಮಮ್ಮ ಹಿಸ್ಟರಿ ಬಿಎ" ಅಂತ ಫ್ರೆಂಡ್ಸ್‌ಗೆಲ್ಲ ಹೇಳಿಕೊಂಡು ಬಂದಿದ್ದಳು. ಅವಳು ಮಲಗಿದ ಮೇಲೆ ಅವಳ ಸಮಾಜ ವಿಜ್ಞಾನದ ಪುಸ್ತಕ ತೆಗೆದು ಓದಿಕೊಳ್ಳುತ್ತಿದ್ದೆ. ಕದಂಬರು, ಹೊಯ್ಸಳರು, ಸಹಾಯಕ ಸೈನ್ಯ ಪದ್ಧತಿ, ಎಲ್ಲ. ನಾಳೆ ಕೇಳಿದರೆ ಗೊತ್ತಿರಬೇಕಲ್ಲ! ಬರಬರುತ್ತಾ ಅವಳ ಪುಸ್ತಕ ಸಾಲದೆ, ಲೈಬ್ರರಿಯಿಂದ ದೊಡ್ಡವರ ಪುಸ್ತಕ ತಂದೆ. ಸುಳ್ಳು ಕಾಪಾಡಿಕೊಳ್ಳಲು ಶುರು ಮಾಡಿದ ಓದು ಯಾವಾಗ ಇಷ್ಟದ ಓದಾಯಿತೋ ಗೊತ್ತಾಗಲಿಲ್ಲ.

ಈ ವರ್ಷ ಅವಳು ಪಿಯುಗೆ ಸೇರಿದಳು. ಅರ್ಜಿ ಅವಳೇ ತುಂಬಿದಳು. ತಾಯಿಯ ವಿದ್ಯಾರ್ಹತೆ ಎಂಬಲ್ಲಿ ನನ್ನನ್ನು ಒಂದು ಮಾತೂ ಕೇಳದೆ, ದುಂಡಗಿನ ಅಕ್ಷರದಲ್ಲಿ ಬಿ.ಎ. ಅಂತ ಬರೆದಳು. ನಾನು ಬರೆದಾಗ ಆಗದ ಸಂಕಟ ಅವಳು ಬರೆದಾಗ ಆಯಿತು. ಆ ರಾತ್ರಿಯೇ ಗಂಡನಿಗೆ ಹೇಳಿದೆ, ಸೇರಿಕೊಳ್ತೀನಿ ಅಂತ. ಮಗಳಿಗೆ ಅಡ್ಮಿಶನ್ ಆದ ಮೇಲೆ ಹೇಳೋಣ, ಒಳ್ಳೆ ಸಮಯ ನೋಡಿ ಹೇಳೋಣ ಅಂದುಕೊಂಡಿದ್ದೆ. ನಮ್ಮಲ್ಲಿ ಒಳ್ಳೆ ಸಮಯ ಅಂದರೆ ಮುಂದೂಡುವುದಕ್ಕೆ ಇನ್ನೊಂದು ಹೆಸರು.

ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಾಟುವಾಗ ಕವರಿನೊಳಗೆ ಕೈ ಹಾಕಿದೆ. ಎರಡು ಅಂಕಪಟ್ಟಿಗಳ ನಡುವೆ ಮಡಿಸಿಟ್ಟ ಇನ್ನೊಂದು ಹಾಳೆ ಇತ್ತು. ತೆರೆದು ನೋಡಿದರೆ ಮಹಾರಾಣಿ ಕಾಲೇಜಿನ ಅರ್ಜಿ, 2002ರದ್ದು. ಪಿಯುಸಿಯಲ್ಲಿ ನನಗೆ ಕನ್ನಡ ಕಲಿಸುತ್ತಿದ್ದ ಮೇಷ್ಟ್ರು ತಾವೇ ಮೈಸೂರಿಗೆ ಹೋದಾಗ ತಂದುಕೊಟ್ಟಿದ್ದು. ಹೆಸರು, ಊರು, ಅಂಕ ಎಲ್ಲ ನೀಲಿ ಇಂಕಿನಲ್ಲಿ ತುಂಬಿದ್ದೆ. ಕೆಳಗೆ ಪೋಷಕರ ಸಹಿ ಅನ್ನುವ ಜಾಗ ಮಾತ್ರ ಖಾಲಿ. ಆ ವರ್ಷ ಮಳೆ ಕೈಕೊಟ್ಟಿತ್ತು, ಕಬ್ಬಿನ ದುಡ್ಡು ಬಂದಿರಲಿಲ್ಲ, ಗಂಡಿನ ಕಡೆಯವರು ಬಂದು ಹೋಗಿದ್ದರು. ಅಪ್ಪ ಬೇಡ ಅಂತಲೂ ಹೇಳಲಿಲ್ಲ, ಸಹಿಯೂ ಹಾಕಲಿಲ್ಲ. ಕೊನೇ ದಿನಾಂಕ ಕಳೆಯಿತು.

ನೀವು ಕೇಳಬಹುದು, ಬೆಂಗಳೂರಿನಲ್ಲೇ ಮುಕ್ತ ವಿಶ್ವವಿದ್ಯಾನಿಲಯದ ಪ್ರಾದೇಶಿಕ ಕೇಂದ್ರ ಇದೆಯಲ್ಲ, ಅರ್ಜಿ ಆನ್‌ಲೈನಲ್ಲೇ ಹಾಕಬಹುದಲ್ಲ, ರಜೆ ಹಾಕಿ ಮೈಸೂರಿಗೆ ಯಾಕೆ ಅಂತ. ಗಂಡನೂ ಅದನ್ನೇ ಕೇಳಿದರು. ಹದಿನೆಂಟನೇ ವಯಸ್ಸಿನಲ್ಲಿ ನಾನು ಓದಬೇಕು ಅಂದುಕೊಂಡಿದ್ದ ಊರು ಅದು. ಅದಕ್ಕಿಂತ ಬುದ್ಧಿವಂತ ಕಾರಣ ನನ್ನ ಹತ್ತಿರ ಇರಲಿಲ್ಲ.

ಸ್ಟೇಷನ್ನಿನಿಂದ ಆಟೋ ಹಿಡಿಯದೆ ನಡೆದೆ. ಜೆಎಲ್‌ಬಿ ರಸ್ತೆಯಲ್ಲಿ ಮಹಾರಾಣಿ ಕಾಲೇಜು. 1881ರಲ್ಲಿ ಹೆಣ್ಣುಮಕ್ಕಳ ಶಾಲೆಯಾಗಿ ಶುರುವಾದ ಸಂಸ್ಥೆ ಬೆಳೆದು ಕಾಲೇಜಾದದ್ದು. ಗೇಟಿನ ಎದುರು ಸುಮ್ಮನೆ ನಿಂತೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಹುಡುಗಿಯರು ಗುಂಪುಗುಂಪಾಗಿ ಒಳಗೆ ಹೋಗುತ್ತಿದ್ದರು. ರೇಷ್ಮೆ ಸೀರೆಯಲ್ಲಿ ನಿಂತವಳನ್ನು ನೋಡಿ ಅಲ್ಲೇ ಹಣ್ಣು ಮಾರುತ್ತಿದ್ದ ಅಜ್ಜಿ "ಮಗಳ್ನ ಸೇರಿಸೋಕೆ ಬಂದ್ರಾ?" ಅಂದರು. ಹೂಂ ಅಂದೆ. ಆ ದಿನದ ಎರಡನೇ ಸುಳ್ಳು.

ಅಲ್ಲಿಂದ ಹುಣಸೂರು ರಸ್ತೆ. ಮರಗಳ ಕೆಳಗೆ ನಡೆಯುತ್ತಾ ಹೋದರೆ ಕ್ರಾಫರ್ಡ್ ಹಾಲ್, ಅಂದರೆ ಮೈಸೂರು ವಿಶ್ವವಿದ್ಯಾನಿಲಯದ ಕಾರ್ಯಸೌಧ. ನಾಲ್ವಡಿಯವರ ಕಾಲದಲ್ಲಿ, 1916ರಲ್ಲಿ ಶುರುವಾದ ವಿಶ್ವವಿದ್ಯಾನಿಲಯ ಇದು. ಬ್ರಿಟಿಷರ ನೇರ ಆಡಳಿತದ ಹೊರಗೆ, ಒಂದು ಸಂಸ್ಥಾನದಲ್ಲಿ ಹುಟ್ಟಿದ ದೇಶದ ಮೊದಲ ವಿಶ್ವವಿದ್ಯಾನಿಲಯ. (ನೋಡಿ, ಹಿಸ್ಟರಿ ಬಿಎ ಅಲ್ಲದಿದ್ದರೂ ಇಷ್ಟು ಗೊತ್ತು.) ಮುಂದೆ ಕಲಾಮಂದಿರ, ಅದರ ಹಿಂದೆ ಕುಕ್ಕರಹಳ್ಳಿ ಕೆರೆ. ಕೆರೆಯ ಆಚೆ ದಡಕ್ಕೆ ಮಾನಸಗಂಗೋತ್ರಿ. ಕುವೆಂಪು ಕುಲಪತಿಯಾಗಿದ್ದಾಗ ಕಟ್ಟಲು ಹೊರಟು, ಅವರೇ ಹೆಸರಿಟ್ಟ ಸ್ನಾತಕೋತ್ತರ ಕ್ಯಾಂಪಸ್, 1960ರದ್ದು. ನಾನು ಹೋಗಬೇಕಾದ ಜಾಗಕ್ಕೆ ಆ ಹೆಸರನ್ನೇ ನೆನಪಿಸುವ ಹೆಸರು, ಮುಕ್ತಗಂಗೋತ್ರಿ. 1969ರಲ್ಲಿ ಮೈಸೂರು ವಿವಿ ಅಂಚೆಯಲ್ಲಿ ಪಾಠ ಕಳಿಸುವ ವ್ಯವಸ್ಥೆ ಶುರು ಮಾಡಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯಿತು.

ಒಳಗೆ ಕಾಲಿಟ್ಟಾಗ ಮೊದಲು ಕಣ್ಣಿಗೆ ಬಿದ್ದದ್ದು ಜನ. ಹುಡುಗ ಹುಡುಗಿಯರೇ ಇರುತ್ತಾರೆ, ನಾನೊಬ್ಬಳೇ ಎದ್ದು ಕಾಣುತ್ತೇನೆ ಅಂತ ಹೆದರಿದ್ದೆ. ಖಾಕಿ ಪ್ಯಾಂಟಿನ ಗಂಡಸೊಬ್ಬರು ಹಾಲ್‌ಟಿಕೆಟ್ ವಿಚಾರಿಸುತ್ತಿದ್ದರು. ಒಬ್ಬಳು ಹಸುಗೂಸನ್ನು ಅತ್ತೆಯ ಕೈಗೆ ಕೊಟ್ಟು ಫಾರಂ ತುಂಬುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾದವರೊಬ್ಬರು ನನ್ನ ಪಕ್ಕದಲ್ಲೇ ನಿಂತು "ಎಂಎ ಕನ್ನಡ, ರಿಟೈರ್ ಆದ್ಮೇಲೆ ಏನ್ಮಾಡ್ಲಿ ಹೇಳಿ" ಅಂದರು. ಇಲ್ಲಿ ಯಾರೂ "ಮಗಳಿಗಾ?" ಅಂತ ಕೇಳಲಿಲ್ಲ. ಕೌಂಟರಿನ ಮೇಡಂ ನನ್ನ ಅಂಕಪಟ್ಟಿ ತಿರುಗಿಸಿ ನೋಡಿ, ನೇರವಾಗಿ "ಬಿಎ ನಾ? ಡೆಬ್ ಐಡಿ ಆಗಿದ್ಯಾ?" ಅಂದರು.

ಆಗಿರಲಿಲ್ಲ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮಲ್ಲಿ ಯಾರಾದರೂ ಅಮ್ಮನನ್ನೋ ಅಕ್ಕನನ್ನೋ ಸೇರಿಸುವ ಯೋಚನೆಯಲ್ಲಿದ್ದರೆ ಒಂದು ದಿನ ಉಳಿಯುತ್ತದೆ. ದೂರಶಿಕ್ಷಣಕ್ಕೆ ಸೇರುವವರಿಗೆಲ್ಲ ಈಗ ಯುಜಿಸಿಯ ಡೆಬ್ ಐಡಿ ಬೇಕೇ ಬೇಕು. ಅದಕ್ಕೆ ಮೊದಲು ಎಬಿಸಿ ಐಡಿ, ಅಂದರೆ ನಮ್ಮ ಓದಿನ ಕ್ರೆಡಿಟ್‌ಗಳನ್ನು ಜಮಾ ಇಡುವ ಖಾತೆ. ಅದು ಡಿಜಿಲಾಕರ್ ಮೂಲಕ ಆಗುತ್ತದೆ. ಡಿಜಿಲಾಕರ್‌ಗೆ ಆಧಾರ್ ಬೇಕು, ಆಧಾರ್ ಅಂದರೆ ಓಟಿಪಿ. ಹೆಸರಿನ ತಾಪತ್ರಯ ನನಗೆ ಮೊದಲೇ ಗೊತ್ತಿತ್ತು. ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್, ಆಧಾರಿನಲ್ಲಿ ಗಂಡನ ಹೆಸರು. ಎರಡೂ ಒಬ್ಬಳೇ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ ತಂದಿದ್ದೆ. ಅಷ್ಟೆಲ್ಲ ಯೋಚಿಸಿದವಳು ಒಂದನ್ನು ಮರೆತಿದ್ದೆ.

ರಸ್ತೆ ಬದಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗ ಚಕಚಕ ಟೈಪ್ ಮಾಡಿ, "ಓಟಿಪಿ ಹೇಳಿ ಅಕ್ಕಾ" ಅಂದ. ನನ್ನ ಫೋನಿಗೆ ಏನೂ ಬಂದಿರಲಿಲ್ಲ. ಅವನು ಸ್ಕ್ರೀನ್ ನೋಡಿ ಕೊನೆಯ ನಾಲ್ಕು ಅಂಕಿ ಓದಿದ. ನನ್ನ ಹಳೇ ನಂಬರ್. ಆಫೀಸಿನವರು ಸಿಮ್ ಕೊಟ್ಟಾಗ ಅದನ್ನು ಮಗಳಿಗೆ ಕೊಟ್ಟಿದ್ದೆ.

ಅಷ್ಟರಲ್ಲಿ ಅವಳೇ ಫೋನ್ ಮಾಡಿದಳು.

"ಅಮ್ಮಾ, ಆಧಾರ್‌ದು ಎಂಥದೋ ಓಟಿಪಿ ಬಂದಿದೆ. ಯಾರೋ ಫ್ರಾಡ್ ಮಾಡ್ತಿದಾರೆ, ಬ್ಯಾಂಕಿಗೆ ಫೋನ್ ಮಾಡ್ಲಾ?"

"ಫ್ರಾಡ್ ಅಲ್ಲ ಪುಟ್ಟಿ, ನಾನೇ. ನಂಬರ್ ಹೇಳು."

"ನೀನೇ ತಾನೆ ಯಾರಿಗೂ ಹೇಳ್ಬೇಡ ಅಂದಿದ್ದು? ಮದುವೇಲಿ ಓಟಿಪಿ ಯಾಕೆ?"

ಹುಡುಗ ಗಡಿಯಾರ ತೋರಿಸಿದ. ಓಟಿಪಿಗೆ ಇರುವುದು ಹತ್ತೇ ನಿಮಿಷ.

"ಮದುವೆ ಇಲ್ಲ. ಅಡ್ಮಿಶನ್ ಮಾಡಿಸ್ತಿದೀನಿ. ನಂಗೆ."

"ಅಯ್ಯೋ ಸೂಪರ್ ಅಮ್ಮ! ಎಂಎ ನಾ?"

ಹಿಂದೆ ಜೆರಾಕ್ಸ್ ಮೆಷಿನ್ ಒಂದೇ ಸಮ ಹಾಳೆ ಉಗುಳುತ್ತಿತ್ತು. ಹೂಂ ಅಂದುಬಿಡಬಹುದಿತ್ತು. ಮೂರನೆಯದು.

"ಅಲ್ಲ. ಬಿಎ."

"ಇನ್ನೊಂದು ಬಿಎ ಯಾಕೆ?"

"ಮೊದಲನೇದು ಆಗಿಲ್ಲ ಪುಟ್ಟಿ. ನಾನು ಓದಿರೋದು ಪಿಯುಸಿ ಅಷ್ಟೇ."

ಕಾಲ್ ಕಟ್ಟಾಯಿತು ಅಂದುಕೊಂಡೆ. ಕಟ್ಟಾಗಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೂರು ಅಂಕಿ ಹೇಳಿದಳು, ನಿಲ್ಲಿಸಿ ಇನ್ನು ಮೂರು ಹೇಳಿದಳು. ಇಟ್ಟಳು. ಹುಡುಗ ತಲೆ ಎತ್ತದೆ ಟೈಪ್ ಮಾಡಿದ. ಪಾಪ, ಎಲ್ಲ ಕೇಳಿಸಿಕೊಂಡಿದ್ದ.

ಮಿಕ್ಕಿದ್ದು ಬೇಗ ಮುಗಿಯಿತು. ಐಡಿ, ಅರ್ಜಿ, ಫೀಸು. ವಿಷಯ ಯಾವುದು ಅಂದಾಗ ಹಿಸ್ಟರಿ ಇರಲಿ ಅಂದೆ, ಈ ಸಲ ಯೋಚಿಸಿ. ಹೊಸ ಅರ್ಜಿಯಲ್ಲಿ ನನ್ನ ಸಹಿ ಮಾತ್ರ ಸಾಕಿತ್ತು.

ವಾಪಸ್ ರೈಲಿಗೆ ಇನ್ನೂ ಹೊತ್ತಿತ್ತು. ಕುಕ್ಕರಹಳ್ಳಿ ಕೆರೆಗೆ ಹೋಗಿ ಕೂತೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ. ಕುವೆಂಪು ಇದರ ಏರಿ ಮೇಲೆ ಓಡಾಡುತ್ತಿದ್ದರು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅಲ್ಲಿ ನೆನಪಾದವರು ಆರ್.ಕೆ. ನಾರಾಯಣ್. ಅವರು ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ ಒಂದು ವರ್ಷ ಮನೆಯಲ್ಲೇ ಕೂತರು, ತಮಗೆ ಬೇಕಾದ ಪುಸ್ತಕ ಓದಿಕೊಂಡರು, 1926ರಲ್ಲಿ ಮಹಾರಾಜ ಕಾಲೇಜು ಸೇರಿದರು. ಮೂರು ವರ್ಷದ ಬಿಎ ಮುಗಿಸಲು ಅವರಿಗೆ ನಾಲ್ಕು ವರ್ಷ ಹಿಡಿಯಿತು. ನಮ್ಮ ಮುಕ್ತ ವಿವಿಯಲ್ಲಿ ಮೂರು ವರ್ಷದ್ದಕ್ಕೆ ಆರು ವರ್ಷದವರೆಗೂ ಸಮಯ ಕೊಡುತ್ತಾರೆ.

ಹೆಜ್ಜಾರ್ಲೆಗಳು ನೀರಿನ ಮೇಲೆ ಸರ್ಕಾರಿ ನೌಕರರ ಹಾಗೆ ಗಂಭೀರವಾಗಿ ತೇಲುತ್ತಿದ್ದವು. ನಿಪ್ಪಟ್ಟು ತಿಂದೆ. ಹತ್ತು ಸಲ ಫೋನ್ ತೆಗೆದು ನೋಡಿದೆ. ಮಗಳು ವಾಟ್ಸಾಪಿನಲ್ಲಿ ಆನ್‌ಲೈನ್ ಇದ್ದಳು, ಏನೂ ಬರೆಯಲಿಲ್ಲ. ನಾನೂ ಏನೇನೋ ಟೈಪ್ ಮಾಡಿ ಅಳಿಸಿದೆ.

ಸಂಜೆ ರೈಲಿನಿಂದ ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳಿಗೆ ಬಿಎ ವಿಷಯದಲ್ಲಿ ಆಶ್ಚರ್ಯವೇ ಆಗಲಿಲ್ಲ. "ಆ ಹಳೇ ಫಾರಂ ಸಿಕ್ತಾ?" ಅಂದಳು.

"ಅದನ್ಯಾಕೆ ಇಟ್ಟಿದ್ದೆ ಅವ್ವ?"

"ನಾನೆಲ್ಲಿ ಇಟ್ಟೆ? ನಿಮ್ಮಪ್ಪ ಟ್ರಂಕಿನಲ್ಲಿಟ್ಟಿದ್ದು. ಮನೆ ಸುಣ್ಣ ಬಳಿಯುವಾಗಲೆಲ್ಲ ಎಸೀತೀನಿ ಅಂತ ತೆಗೆದ್ರೆ, ಇರ್ಲಿ ಇಡು ಅನ್ನೋರು. ಯಾಕೆ ಅಂತ ನಾನೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ." ಅಪ್ಪ ಹೋಗಿ ಆರು ವರ್ಷ. ಈಗ ಕೇಳಲು ಯಾರಿದ್ದಾರೆ?

ಮದ್ದೂರಿನಲ್ಲಿ ವಡೆಯವನು ಹತ್ತಿದ. ಮಗಳಿಗೆ ಇಷ್ಟ ಅಂತ ನಾಲ್ಕು ಕಟ್ಟಿಸಿಕೊಂಡೆ. ಮನೆಗೆ ಬಂದಾಗ ಅವಳು ರೂಮಿನ ಬಾಗಿಲು ಹಾಕಿಕೊಂಡಿದ್ದಳು. ವಡೆ ಬೆಳಿಗ್ಗೆವರೆಗೂ ಟೇಬಲ್ ಮೇಲೇ ಇತ್ತು.

ಎರಡು ದಿನ ಮಾತಿಲ್ಲ. ಸುಳ್ಳು ಹೇಳಿದ್ದಕ್ಕೆ ಬೈಯುತ್ತಾಳೆ ಅಂತ ನಾನು ತಯಾರಾಗಿದ್ದೆ. ಅವಳ ಸಿಟ್ಟು ಬೇರೆ ಇತ್ತು. "ನನ್ನ ಕೈಲೂ ಬರೆಸಿದ್ಯಲ್ಲಮ್ಮ" ಅಂದಳು. ಉತ್ತರ ಇರಲಿಲ್ಲ. ಮರುದಿನ ಇಬ್ಬರೂ ಅವಳ ಕಾಲೇಜಿಗೆ ಹೋದೆವು. ಆಫೀಸಿನಲ್ಲಿ ಕ್ಲರ್ಕ್ ಆ ಅರ್ಜಿ ಹುಡುಕಿ ಕೊಟ್ಟರು, ಏನೂ ಕೇಳಲಿಲ್ಲ. ಬಿ.ಎ. ಅನ್ನುವುದರ ಮೇಲೆ ಒಂದು ಗೆರೆ ಎಳೆದು, ಪಿಯುಸಿ ಅಂತ ಬರೆದು, ಪಕ್ಕದಲ್ಲಿ ನಾನೇ ಸಹಿ ಹಾಕಿದೆ.

ಬಸ್ ಸ್ಟಾಪಿನಲ್ಲಿ ನಿಂತಾಗ ಕೇಳಿದಳು, "ಹಂಗಾದ್ರೆ ಹೊಯ್ಸಳರ ಪಾಠ ಎಲ್ಲಿ ಕಲ್ತೆ?"

"ನಿನ್ನ ಪುಸ್ತಕದಲ್ಲಿ. ನೀನು ಮಲ್ಕೊಂಡ ಮೇಲೆ."

ಏನೂ ಅನ್ನಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಫೋನಿನಿಂದ ಹಳೇ ಸಿಮ್ ತೆಗೆದು ನನ್ನ ತಟ್ಟೆ ಪಕ್ಕ ಇಟ್ಟಳು. "ನಂಗೆ ಬೇರೆ ನಂಬರ್ ಕೊಡ್ಸು. ಎಕ್ಸಾಮ್ ಟೈಮಲ್ಲಿ ನಿನ್ನ ಓಟಿಪಿ ಎಲ್ಲ ನಾನು ಹೇಳ್ಕೊಂಡು ಕೂರಲ್ಲ."