ಕೃಷ್ಣೆಯ ಮೀನು ಕಾವೇರಿಯಲ್ಲಿ

ಟ್ರೌಟ್ ಹಿಡಿಯಲಿಕ್ಕೆಂದೇ ಜನ ಸಮುದ್ರ ದಾಟಿ ನ್ಯೂಜಿಲೆಂಡಿಗೆ ಹೋಗುತ್ತಾರೆ. ಹೊಳೆದಂಡೆಯ ಲಾಡ್ಜಿನಲ್ಲಿ ಉಳಿದು, ದಿನವಿಡೀ ಗೈಡ್‌ನ ಹಿಂದೆ ಮೊಣಕಾಲುದ್ದ ನೀರಲ್ಲಿ ನಡೆದು, ಮೀನು ಸಿಕ್ಕರೆ ಫೋಟೊ ತೆಗೆದು ನೀರಿಗೇ ಬಿಟ್ಟು, ಕೊನೆಗೆ ದೊಡ್ಡ ಬಿಲ್ಲು ಕಟ್ಟಿ ಬರುತ್ತಾರೆ. ಕುಪವಾಡದ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಲೇಥ್ ಸದ್ದಿನ ನಡುವೆ ದಿನ ದೂಡುವ ನಮ್ಮಂಥವರಿಗೆ ಇದು ನಂಬಲಾಗದ ವ್ಯವಹಾರ. ಕಾವೇರಿಯಲ್ಲೂ ಇಂಥದ್ದೇ ಇದೆಯಂತೆ, ಹೋಗಿ ನೋಡಿ ಬರ್ತೀನಿ ಅಂದಾಗ ನಮ್ಮ ಕಾಕಾ ಚಹಾದ ಬಸಿ ಕೆಳಗಿಟ್ಟು ಕೇಳಿದರು: "ಹಿಡದ ಮೀನಾ ಬಿಟ್ಟ ಬರಾಕ ರೊಕ್ಕಾ ಕೊಡ್ತಾರೇನೋ?"

ಕೊಡುತ್ತಾರೆ. ನಾನೂ ಕೊಟ್ಟೆ.

ಮಧ್ಯಾಹ್ನ ಮಿರಜಿನಲ್ಲಿ ರಾಣಿ ಚೆನ್ನಮ್ಮ ಹತ್ತಿದೆ. ಉಗಾರ ದಾಟಿ ಕುಡಚಿಯ ಹತ್ತಿರ ಗಾಡಿ ಕೃಷ್ಣೆಯ ಸೇತುವೆ ಏರಿದಾಗ ಎದುರಿನ ಸೀಟಿನ ಅಜ್ಜಿ ಕಿಟಕಿಯಿಂದ ನಾಣ್ಯ ಎಸೆದು ಕೈ ಮುಗಿದಳು. ಬೆಳಗ್ಗೆ ಬೆಂಗಳೂರು; ಅಲ್ಲಿಂದ ಬಸ್ಸಿನಲ್ಲಿ ಮೈಸೂರು, ಹುಣಸೂರು, ಬೈಲಕುಪ್ಪೆ, ಕುಶಾಲನಗರ. ಈ ದಾರಿಯ ಬಗ್ಗೆ ಬರೆಯದವರಿಲ್ಲ, ನಾನು ಬಿಡುತ್ತೇನೆ. ವಾಲ್ನೂರಿನ ಕಡೆ ಹೊಳೆಗೆ ಹತ್ತಿಕೊಂಡೇ ಇರುವ ತೋಟದ ಮನೆಯಲ್ಲಿ ಉಳಿದೆ. ಕಣದಲ್ಲಿ ಕಾಫಿ ಒಣಗುತ್ತಿತ್ತು. ಇಲ್ಲಿ ಗಾಳ ಹಾಕಲು ಕೊಡಗು ವನ್ಯಜೀವಿ ಸಂಘದ ಪರವಾನಗಿ ಬೇಕು. ಹಿಡಿದ ಮೀನನ್ನು ಜೀವಂತ ಬಿಡಲೇಬೇಕು.

ಗೈಡ್ ಮೂವತ್ತರ ಆಸುಪಾಸಿನ ಹುಡುಗ. ನಾನು ಬಾಯಿ ತೆರೆದ ಕೂಡಲೇ, "ಬೆಳಗಾವಿ ಕಡೆಯವರಾ ಸಾರ್?" ಎಂದ.

"ಇಲ್ರೀ, ಕುಪವಾಡ. ಸಾಂಗಲಿ-ಮಿರಜ ಹತ್ರ."

"ಅದು ಮಹಾರಾಷ್ಟ್ರ ಅಲ್ವಾ? ಮತ್ತೆ ಕನ್ನಡ?"

"ಮನ್ಯಾಗ ಕನ್ನಡರೀ, ಓಣ್ಯಾಗ ಮರಾಠಿ."

ಅವನಿಗೆ ಅದು ಬಹಳ ಹಿಡಿಸಿತು. ಆಮೇಲೆ ಬೆಳಗಿನ ತನಕ ಮಾತಿನ ಮಧ್ಯೆ ಬೇಕಂತಲೇ "ಹೌದ್ರಿ" ಸೇರಿಸುತ್ತಿದ್ದ.

ಬೆಳಕು ಹರಿಯುವ ಮುಂಚೆ ಹೊಳೆಗೆ ಇಳಿದೆವು. ದಂಡೆಯಲ್ಲಿ ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿತ್ತು, ಅದನ್ನು ನೋಡಿ ಅವನು ಐದು ನಿಮಿಷ ಸುಮ್ಮನೆ ನಿಂತು ಕಿವಿಗೊಟ್ಟ. ನಂತರ ಡಬ್ಬಿ ತೆರೆದು ತೋರಿಸಿದ: ಕೋಳಿಗರಿಯ ಎಳೆ, ಕಂದು ತುಪ್ಪಳ, ಸಣ್ಣ ಹಿತ್ತಾಳೆ ಮಣಿ, ಎಲ್ಲ ಸೇರಿಸಿ ಕೊಕ್ಕೆಯ ಮೇಲೆ ದಾರದಿಂದ ಬಿಗಿದ ಸುಳ್ಳು ಹುಳುಗಳು. ಫ್ಲೈ ಫಿಶಿಂಗ್ ಅನ್ನುವಾಗಿನ ಫ್ಲೈ ಇದೇ. ನಮ್ಮಲ್ಲಿ ಗಾಳ ಎಸೆಯುವಾಗ ತುದಿಯ ಸೀಸದ ಗುಂಡು ದಾರವನ್ನು ಎಳೆದೊಯ್ಯುತ್ತದೆ. ಇಲ್ಲಿ ತುದಿಯಲ್ಲಿ ಹೇಳಿಕೊಳ್ಳುವಂಥ ಭಾರವಿಲ್ಲ, ಭಾರವೆಲ್ಲ ದಪ್ಪ ದಾರದಲ್ಲಿ. ಕೋಲನ್ನು ಹಿಂದಕ್ಕೆ ಎತ್ತಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವ ತನಕ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ತಡೆಯುವ ಅರೆಕ್ಷಣದಲ್ಲಿ ಇಡೀ ವಿದ್ಯೆ ಇದೆ. ಅವನು ಬೀಸಿದಾಗ ದಾರ ಗಾಳಿಯಲ್ಲಿ ಸುರುಳಿ ಬಿಚ್ಚುತ್ತ ಹೋಗಿ, ಆಚೆಯ ಬಂಡೆಯ ಸೆರಗಿನಲ್ಲಿ, ನೊರೆ ಮುಗಿದು ನೀರು ಕಪ್ಪಾಗುವಲ್ಲಿ, ಸದ್ದಿಲ್ಲದೆ ಕೂತಿತು. ನಾನು ಬೀಸಿದ್ದು ಹೆಚ್ಚಾಗಿ ಹಿಂದಿನ ಮರಕ್ಕೆ.

ಮೀನು ಬಿದ್ದದ್ದೂ ಅವನ ಬೀಸಿಗೇ. ನೀರಲ್ಲಿ ಏನೂ ಕಾಣಿಸಲಿಲ್ಲ. ಕೋಲು ಬಿಲ್ಲಾಯಿತು, ರೀಲ್ ಕಿರುಚಿತು. ಕೋಲನ್ನು ತಟ್ಟನೆ ನನ್ನ ಕೈಗೆ ತುರುಕಿ, "ಹಿಡೀಬೇಡಿ ಸಾರ್, ಬಿಡಿ, ಓಡ್ಲಿ" ಎಂದು ಕೂಗಿದ. ಅದು ಪ್ರವಾಹದ ಗುಂಟ ಕೆಳಗಿನ ಬಂಡೆಗಳತ್ತ ಓಡಿದ ವೇಗ ನನ್ನ ಮೊಣಕೈಯಲ್ಲಿ ಈಗಲೂ ಇದೆ. ಬಹಳ ಹೊತ್ತಿನ ಮೇಲೆ ಬಲೆಯ ಚೀಲಕ್ಕೆ ಬಂದದ್ದು ಸುಮಾರು ಮೂರು ಕಿಲೋದ ಮಹಶೀರ್. ಅದನ್ನು ನೀರಿನಿಂದ ಮೇಲೆತ್ತಗೊಡಲಿಲ್ಲ. ಕೈ ಒದ್ದೆ ಮಾಡಿಕೊಂಡು ನೀರಲ್ಲೇ ಮುಟ್ಟಿ ಅಂದ. ಒಂದೊಂದು ಹುರುಪೆಯೂ ಹತ್ತು ರೂಪಾಯಿ ನಾಣ್ಯದಷ್ಟು, ಅಂಚಿಗೆ ಬಂಗಾರ, ನಡುವೆ ಮಸಿ. ದಪ್ಪ ತುಟಿ, ಎರಡು ಜೊತೆ ಮೀಸೆ. ರೆಕ್ಕೆಗಳಿಗೆ ಬೂದುಗಲಸಿದ ನೀಲಿ. ದವಡೆಯಲ್ಲಿ ಒಂದು ಹಲ್ಲೂ ಇಲ್ಲ. ಏಡಿ, ಬಸವನಹುಳು ಪುಡಿ ಮಾಡುವ ಹಲ್ಲೆಲ್ಲ ಗಂಟಲಿನ ಒಳಗೆ. ಮುಳ್ಳಿಲ್ಲದ ಕೊಕ್ಕೆ ಒಂದೇ ತಿರುವಿಗೆ ಕಳಚಿತು. ಮುಖ ಪ್ರವಾಹಕ್ಕೆ ಮಾಡಿ ಹಿಡಿದಿದ್ದ. ಕಿವಿರು ನಾಲ್ಕಾರು ಸಲ ಆಡಿದ ಮೇಲೆ ಬಾಲದಿಂದ ನಮ್ಮಿಬ್ಬರ ಮುಖಕ್ಕೂ ನೀರು ರಾಚಿ ಹೋಯಿತು.

ಇದು ಕಾವೇರಿಯ ಮೀನೇ ಅಲ್ಲ. ಸೋಜಿಗ ಶುರುವಾಗುವುದು ಇಲ್ಲಿಂದ.

ನೀಲಿರೆಕ್ಕೆಯ ಈ ಮಹಶೀರ್‌ಗೆ ಶಾಸ್ತ್ರದಲ್ಲಿ ಟಾರ್ ಖುದ್ರೀ ಎಂದು ಹೆಸರು. ದಖ್ಖನಿನ ಮೀನುಗಳ ಬಗ್ಗೆ ಬರೆದ ಕರ್ನಲ್ ಸೈಕ್ಸ್ 1839ರಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದ್ದು ಪುಣೆಯ ಹತ್ತಿರದ ಮುಳಾ-ಮುಠಾ ಹೊಳೆಯಿಂದ. ಆ ನೀರು ಭೀಮೆಗೆ, ಭೀಮೆ ಕೃಷ್ಣೆಗೆ. ಅಂದರೆ ನಮ್ಮ ಕಡೆಯ ಮೀನು! ಹರಿಪುರದಲ್ಲಿ ಕೃಷ್ಣಾ-ವಾರಣಾ ಸಂಗಮದ ಮೆಟ್ಟಿಲ ಮೇಲೆ ಕೂತು ಬೆಳೆದ ನಾನು ಒಮ್ಮೆಯೂ ಕಾಣದ್ದನ್ನು ಕೊಡಗಿನಲ್ಲಿ ಮುಟ್ಟಿದೆ.

ಇಲ್ಲಿಗೆ ಬಂದದ್ದು ಹೇಗೆ? ಪಶ್ಚಿಮ ಘಟ್ಟದಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದ್ದ ಟಾಟಾ ಕಂಪನಿ 1970ರ ದಶಕದಲ್ಲಿ ಲೋಣಾವಳಾದಲ್ಲಿ ಮಹಶೀರ್ ಮರಿ ಮಾಡತೊಡಗಿತು. ಅಲ್ಲಿನ ತಜ್ಞರು ಕಂಡುಕೊಂಡ ಉಪಾಯ ಕೇಳಿದರೆ ನಗು ಬರುತ್ತದೆ: ಫಲಿತ ಮೊಟ್ಟೆಗಳನ್ನು ನೀರಲ್ಲಿಡದೆ, ಒದ್ದೆ ಹತ್ತಿಯ ಪದರಗಳ ನಡುವೆ ಹರಡಿ ದೂರದೂರಿಗೆ ಸಾಗಿಸುವುದು. ಅಲ್ಲಿನ ಮರಿಗಳು ಕಾವೇರಿಗೂ ಇಳಿದವು. ಕೊಡಗಿನ ಹಾರಂಗಿಯಲ್ಲಿ ಮೀನುಗಾರಿಕೆ ಇಲಾಖೆಯದೇ ಮರಿ ಕೇಂದ್ರವಿದೆ. ಟ್ರೌಟ್ ಕಥೆಯೂ ಬೇರೆಯಲ್ಲ. 1900ರಲ್ಲಿ ಬ್ರಿಟಿಷರು ಹಡಗಿನಲ್ಲಿ ಮೊಟ್ಟೆ ತರಿಸಿ ಕಾಶ್ಮೀರದಲ್ಲಿ ಬೆಳೆಸಿದರು, ಆಮೇಲೆ ನೀಲಗಿರಿಯಲ್ಲಿ. ನ್ಯೂಜಿಲೆಂಡಿನ 'ಕಾಡು ಟ್ರೌಟ್' ಕೂಡ 19ನೇ ಶತಮಾನದಲ್ಲಿ ಹೋಗಿ ನೆಲೆಯಾದ ವಲಸೆಗಾರನೇ.

ಕಾವೇರಿಯ ಮನೆಯ ಮಗ ಬೇರೆ ಇದ್ದ. ಬೆನ್ನು ಡುಬ್ಬ, ರೆಕ್ಕೆ ಕೇಸರಿ, ಮೈ ದೈತ್ಯ. ಹೊಳೆಯ ಜನ ಬಿಳಿಮೀನು ಅನ್ನುತ್ತಾರೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ಭಾರತದ ಗಾಳಗಾರಿಕೆ ಬಗ್ಗೆ ಪುಸ್ತಕ ಬರೆದಾಗಿನಿಂದ ಮಹಶೀರ್ ಹಿಂದೆ ಬಿದ್ದ ದೊರೆಗಳಿಗೆ ಲೆಕ್ಕವಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಹಿಡಿದದ್ದು 120 ಪೌಂಡು, ಅಂದರೆ 54 ಕಿಲೋ. ಮುಂದೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿಗಳಲ್ಲಿ ಜಂಗಲ್ ಲಾಡ್ಜಸ್‌ನವರ ಕ್ಯಾಂಪುಗಳಾದವು. ಅಲ್ಲಿ ಕೊಕ್ಕೆಗೆ ಹಾಕುತ್ತಿದ್ದದ್ದು ಬೇಯಿಸಿದ ರಾಗಿ ಹಿಟ್ಟಿನ ಉಂಡೆ! ಪರದೇಶದ ಸಾಹೇಬರು ಸಾವಿರಾರು ಮೈಲಿ ಬಂದು ರಾಗಿಮುದ್ದೆಗೆ ಶರಣಾದರು ಎಂಬುದು ನನಗೆ ಇಡೀ ಕಥೆಯಲ್ಲೇ ಅತಿ ಪ್ರಿಯವಾದ ಭಾಗ. ಹಿಂದೆ ಮೀನು ಕದ್ದು ಹಿಡಿಯುತ್ತಿದ್ದವರಲ್ಲಿ ಕೆಲವರು ಅಲ್ಲಿ ಗೈಡುಗಳಾದರು, ಕಾವಲುಗಾರರೂ ಆದರು. ಆ ದಂಡೆ ಅಭಯಾರಣ್ಯದೊಳಗಿನದು, ಅದರ ಕಾನೂನಿನಿಂದಾಗಿ ಕೊನೆಗೆ ಅಲ್ಲಿ ಗಾಳ ನಿಂತುಹೋಯಿತು.

ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಮೀನುಗಳ ದಾಖಲೆ ಉಳಿದಿದೆ. ವಿಜ್ಞಾನಿಗಳು ತೆರೆದು ನೋಡಿದರೆ, ವರ್ಷ ಕಳೆದಂತೆ ನೀಲಿರೆಕ್ಕೆ ಏರುತ್ತ ಹೋಗಿದೆ, ಡುಬ್ಬದ ಮೀನು ಇಳಿಯುತ್ತ ಹೋಗಿದೆ. ಲೋಕವೆಲ್ಲ ಹೊಗಳಿದ ಆ ದೈತ್ಯನಿಗೆ ಟಾರ್ ರೆಮಾದೇವಿಯೈ ಎಂಬ ಶಾಸ್ತ್ರೀಯ ಹೆಸರು ಖಚಿತವಾದದ್ದು 2018ರಲ್ಲಿ. ಅದೇ ವರ್ಷ ಅಳಿವಿನ ಕಟ್ಟಕಡೆಯ ಅಂಚಿನ ಪಟ್ಟಿಗೂ ಸೇರಿತು. ಮರಿ ಬಿಟ್ಟವರು ಹೊಳೆಗೆ ಒಳ್ಳೆಯದಾಗಲಿ ಎಂದೇ ಬಿಟ್ಟಿದ್ದರು. ಅಣೆಕಟ್ಟು, ಡೈನಮೈಟು, ಮರಳಿನ ಲಾರಿಗಳದ್ದೂ ಪಾಲಿದೆ. ಎಲ್ಲ ತಪ್ಪನ್ನೂ ನಮ್ಮೂರ ಮೀನಿನ ತಲೆಗೆ ಕಟ್ಟಲು ನಾನು ಒಪ್ಪೆ.

ಬಂಡೆಯ ಮೇಲೆ ಕೂತು ಅಕ್ಕಿರೊಟ್ಟಿ ತಿನ್ನುತ್ತ ಹತ್ತಿಯ ಕಥೆಯನ್ನು ಹುಡುಗನಿಗೆ ಹೇಳಿದೆ.

"ನಿಮ್ಮ ಹೊಳೇಲಿ ಈಗ ಇದು ಸಿಗುತ್ತಾ ಸಾರ್?"

"ಮಿರಜ ಮಾರ್ಕೆಟ್‌ನ್ಯಾಗ ನಾ ನೋಡೂದು ರೋಹು, ಕಟ್ಲಾ, ತಿಲಾಪಿಯಾ ಅಷ್ಟರೀ. ಇದನ್ನ ನೋಡಿಲ್ಲ."

ಅವನು ರೊಟ್ಟಿ ಅಗಿಯುತ್ತ ಯೋಚಿಸಿದ. "ಹಂಗಾದ್ರೆ ವಾಪಸ್ ಹೋಗೋವಾಗ ಹಾರಂಗೀಲಿ ಕೇಳಿ ನೋಡಿ ಸಾರ್, ಮೊಟ್ಟೆ ಕೊಟ್ರೂ ಕೊಡ್ತಾರೆ. ಹತ್ತಿ ಮಾತ್ರ ನಿಮ್ಮ ಕಡೆಯದೇ ತರಿಸಿ, ಚೆನ್ನಾಗಿರುತ್ತಂತಲ್ರೀ."